ನನ್ನ ಜೀವ, ನನ್ನಿಷ್ಟ?

ಸೂರತ್ತಿನ ಕನ್ನಡಿಗರಿಗೆ ರಜೆಯ ಸಂಜೆ ಎಂದರೆ ಡುಮಸ್ ಅಥವಾ ಸುವಾಲಿ ಕಡಲತೀರ. ತುಮಕೂರು, ದಾವಣಗೆರೆ, ಕಲಬುರಗಿ ಕಡೆಯಿಂದ ಬಂದ ನಮಗೆ ಕೆರೆ, ಬಾವಿ ಗೊತ್ತು. ಕಡಲು ಅಷ್ಟಾಗಿ ಗೊತ್ತಿಲ್ಲ. ನೀರಿಗಿಳಿಯುವವರನ್ನು ತಡೆದರೆ "ನನ್ನ ಜೀವ, ನನ್ನಿಷ್ಟ" ಎನ್ನುತ್ತಾರೆ. ಈ ಮಾತು ಎಷ್ಟು ಸರಿ?

ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ 'ಆನ್ ಲಿಬರ್ಟಿ' ಪುಸ್ತಕದಲ್ಲಿ ಒಂದು ಉದಾಹರಣೆ ಬರುತ್ತದೆ. ಸೇತುವೆ ಶಿಥಿಲವಾಗಿದೆ, ಅದು ತಿಳಿಯದೆ ಒಬ್ಬ ದಾಟಲು ಹೊರಟಿದ್ದಾನೆ, ಎಚ್ಚರಿಸಲು ಸಮಯವಿಲ್ಲ. ಅವನನ್ನು ಹಿಡಿದು ಎಳೆದರೆ ಸ್ವಾತಂತ್ರ್ಯ ಕಸಿದಂತಲ್ಲ. ನದಿಗೆ ಬೀಳುವುದು ಅವನ ಇಷ್ಟವೇ ಅಲ್ಲವಲ್ಲ. ಆದರೆ ಅಪಾಯ ಖಚಿತವಲ್ಲದೆ ಬರೀ ಸಂಭವವಾಗಿದ್ದರೆ, ಎಚ್ಚರಿಸಿ ನಿರ್ಧಾರವನ್ನು ಅವನಿಗೇ ಬಿಡಬೇಕು. ಮಕ್ಕಳ ವಿಷಯದಲ್ಲಿ ಮಾತ್ರ ಹಾಗಲ್ಲ. ಅಂದರೆ, 'ನನ್ನಿಷ್ಟ' ಎನ್ನುವ ಮೊದಲು ತಿಳಿದಿರಬೇಕು.

ಇಲ್ಲಿ ತಿಳಿಯಬೇಕಾದದ್ದು ಉಬ್ಬರ-ಇಳಿತ, ಗುಜರಾತಿಗಳ 'ಭರತಿ-ಓಟ್'. ಖಂಭಾತ್ ಕೊಲ್ಲಿ ಒಳಹೋದಂತೆ ಕಿರಿದಾಗುವುದರಿಂದ ಇಲ್ಲಿಯ ಉಬ್ಬರ ದೇಶದಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ಇಳಿತದಲ್ಲಿ ನೀರು ದೂರ ಸರಿದು ಕೆಸರಿನ ಬಯಲು ಉಳಿಯುತ್ತದೆ. ಸುಮಾರು ಆರು ತಾಸು ಏರುವ ನೀರಿನಲ್ಲಿ ಅರ್ಧದಷ್ಟು ನಡುವಿನ ಎರಡೇ ತಾಸಿನಲ್ಲಿ ಬರುತ್ತದೆ. ಕಾಲು ಕೆಸರಿನಲ್ಲಿ ಹೂತರೆ ಈಜು ಬಂದೂ ಪ್ರಯೋಜನವಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಕಳೆದ ಭಾನುವಾರ ಸಂಜೆ ಇಳಿತವಿದ್ದರೆ ಈ ಭಾನುವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಉಬ್ಬರ. "ಮೊನ್ನೆ ಏನೂ ಆಗಲಿಲ್ಲ" ಎಂಬುದು ಇಲ್ಲಿ ಸಾಕ್ಷಿಯಲ್ಲ.

ಎಲ್ಲ ತಿಳಿದೂ ಇಳಿದರೆ? ಮಿಲ್ ಹೇಳಿದ ಮನುಷ್ಯ ಸೇತುವೆಯ ಮೇಲೆ ಒಬ್ಬನೇ ಇದ್ದಾನೆ. ಕಡಲಲ್ಲಿ ಮುಳುಗುವವನ ಹಿಂದೆ ಒಬ್ಬ ಗೆಳೆಯನೋ, ಮೀನುಗಾರನೋ ಧುಮುಕುತ್ತಾನೆ. ಮುಳುಗುವವನು ಕೈಗೆ ಸಿಕ್ಕವರನ್ನು ಅವುಚಿ ಹಿಡಿಯುತ್ತಾನೆ. ಉಳಿಸಲು ಹೋದವರೂ ಹಾಗೆ ಸಾಯುತ್ತಾರೆ. ಆ ಜೀವವನ್ನು ಪಣಕ್ಕಿಡುವ ಹಕ್ಕು ನನಗೆ ಕೊಟ್ಟವರಾರು?

ಹಾಗಾದರೆ ನಿಷೇಧವೇ ದಾರಿಯೇ? 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆಮೇಲೆ ಕಡಲತೀರಕ್ಕೆ ಪ್ರವೇಶ ನಿಲ್ಲಿಸಿದರು. ಆ ಮಕ್ಕಳಿಗೆ 'ನಿಮ್ಮಿಷ್ಟ' ಎನ್ನುವಂತೆಯೇ ಇರಲಿಲ್ಲ, ಹೊಣೆ ದೊಡ್ಡವರದೇ. ನಮ್ಮ ಪ್ರಾಜೆಕ್ಟುಗಳ ರಿಸ್ಕ್ ರಿಜಿಸ್ಟರಿನಲ್ಲಿ ಪ್ರತಿ ಅಪಾಯದ ಮುಂದೆ ಅದನ್ನು ನೋಡಿಕೊಳ್ಳುವವರ ಹೆಸರಿರುತ್ತದೆ. 'ಈಜು ನಿಷೇಧಿಸಿದೆ' ಎಂಬ ಬೋರ್ಡು ಮಾತ್ರ ಆ ಜಾಗದಲ್ಲಿ ಇಳಿಯುವವನ ಹೆಸರನ್ನೇ ಬರೆದು ಕೈತೊಳೆದುಕೊಳ್ಳುತ್ತದೆ.

ಬೇರೆ ದಾರಿ ಇದೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವುಗಳಲ್ಲಿ ಗುಜರಾತಿನ ಶಿವರಾಜಪುರ, ನಮ್ಮ ಕಾಸರಕೋಡು, ಪಡುಬಿದ್ರೆ ಸೇರಿವೆ. ಗ್ರೀಸಿನ ನೂರಾರು ತೀರಗಳಿಗೂ ಇರುವ ಈ ಮಾನ್ಯತೆಗೆ ನೀರಿನ ಶುದ್ಧತೆಯ ಜೊತೆಗೆ ಸುರಕ್ಷತಾ ಏರ್ಪಾಡೂ ಬೇಕು. ಜೀವರಕ್ಷಕರು ಕಾಯುವ ಕಡೆ ಕೆಂಪು-ಹಳದಿ ಬಾವುಟಗಳ ನಡುವೆ ಈಜುವುದೆಂದರೆ ಒಂದು ಒಪ್ಪಂದ: ಅವರು ನೋಡುತ್ತಿರುತ್ತಾರೆ, ನಾನು ಅವರ ಮಾತು ಕೇಳುತ್ತೇನೆ.

ಅಂಥ ಒಪ್ಪಂದವಿಲ್ಲದ ತೀರದಲ್ಲಿ ದಡದಲ್ಲೇ ಕೂತು ಬಿಸಿ ಟೊಮೆಟೊ ಭಜಿಯಾ ತಿನ್ನುವುದು ಹೇಡಿತನವಲ್ಲ; ನಮಗಾಗಿ ಧುಮುಕಬಹುದಾದ ಅಪರಿಚಿತನಿಗೆ ತೋರುವ ಮರ್ಯಾದೆ.