ನಿಂದೆ, ಪರಿವಾದ, ಅಪವಾದ



ಭಾದ್ರಪದ ಶುಕ್ಲ ಚತುರ್ಥಿಯಂದು ಸ್ಯಮಂತಕೋಪಾಖ್ಯಾನವನ್ನು ಓದಿಸಿ ಕೇಳುವ ಪದ್ಧತಿ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಅಂದು ಚಂದ್ರದರ್ಶನವಾದರೆ ಮಿಥ್ಯಾಪವಾದ ತಟ್ಟುವುದೆಂದೂ, ಈ ಕಥಾಶ್ರವಣದಿಂದ ಅದು ಪರಿಹಾರವಾಗುವುದೆಂದೂ ಹಿರಿಯರ ನಂಬಿಕೆ. ನಮ್ಮ ಮೇಲೆ ಅಪವಾದ ಬಾರದಿರಲಿ ಎಂದು ಕಥೆ ಕೇಳುವ ನಾವು, ನಮ್ಮ ಬಾಯಿಂದ ಇನ್ನೊಬ್ಬರ ಮೇಲೆ ಅಪವಾದ ಹೊರಡದಿರಲಿ ಎಂದು ಎಂದಾದರೂ ಪ್ರಾರ್ಥಿಸಿದ್ದೇವೆಯೇ?

ಅಮರಕೋಶವು ಆಕ್ಷೇಪ, ಪರೀವಾದ, ಅಪವಾದ, ಕುತ್ಸಾ, ನಿಂದಾ, ಗರ್ಹಣ ಮೊದಲಾದ ಶಬ್ದಗಳನ್ನು ಒಂದೇ ಕಡೆ ಪರ್ಯಾಯಗಳಾಗಿ ಹೇಳಿದೆ. ಧರ್ಮಶಾಸ್ತ್ರವಾದರೋ ಇವುಗಳನ್ನು ಬಿಡಿಸಿ ನೋಡುತ್ತದೆ. ಗುರುವಿನ ಪರಿವಾದವಾಗಲಿ ನಿಂದೆಯಾಗಲಿ ನಡೆಯುವಲ್ಲಿ ಶಿಷ್ಯನು ಕಿವಿ ಮುಚ್ಚಿಕೊಳ್ಳಬೇಕು, ಇಲ್ಲವೇ ಎದ್ದು ಹೋಗಬೇಕು ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ವಿಧಿಸುತ್ತದೆ. ಇದಕ್ಕೆ ವ್ಯಾಖ್ಯಾನ ಬರೆದ ಕುಲ್ಲೂಕಭಟ್ಟನು, ಇರುವ ದೋಷವನ್ನು ಆಡುವುದು ಪರಿವಾದ, ಇಲ್ಲದ ದೋಷವನ್ನು ಹೊರಿಸುವುದು ನಿಂದೆ ಎಂದು ವಿಂಗಡಿಸಿದ್ದಾನೆ. ಎರಡೂ ನಿಷಿದ್ಧವೆಂಬುದನ್ನು ಗಮನಿಸಬೇಕು. "ನಾನೇನು ಸುಳ್ಳು ಹೇಳಿದೆನೆ? ಇದ್ದದ್ದನ್ನೇ ಹೇಳಿದೆ" ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ಇದ್ದ ದೋಷವನ್ನೇ ಒಬ್ಬರ ಮನಸ್ಸು ಕೆಡಿಸಲೆಂದು ಮರೆಯಲ್ಲಿ ಮುಟ್ಟಿಸುವುದು ಪೈಶುನ್ಯ, ಅಂದರೆ ಚಾಡಿ. ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಭಗವಂತನು ಚಾಡಿ ಹೇಳದಿರುವ ಗುಣವನ್ನು ದೈವೀ ಸಂಪತ್ತಿನಲ್ಲಿ ಎಣಿಸಿದ್ದಾನೆ.

ಇನ್ನು ಅಪವಾದವು ಹುಟ್ಟುವ ಬಗೆಯನ್ನು ಭಾಗವತದ ದಶಮಸ್ಕಂಧವು ಚೆನ್ನಾಗಿ ತೋರಿಸಿದೆ. ಸತ್ರಾಜಿತನ ಬಳಿಯಿದ್ದ ಸ್ಯಮಂತಕ ಮಣಿಯನ್ನು ಶ್ರೀಕೃಷ್ಣನು ಉಗ್ರಸೇನನಿಗಾಗಿ ಕೇಳಿದ್ದನು, ಸತ್ರಾಜಿತನು ಕೊಡಲಿಲ್ಲ. ಮುಂದೆ ಅವನ ತಮ್ಮ ಪ್ರಸೇನನು ಮಣಿಯನ್ನು ಧರಿಸಿ ಬೇಟೆಗೆ ಹೋದವನು ಮರಳಲಿಲ್ಲ. "ಪ್ರಾಯಶಃ ಕೃಷ್ಣನೇ ಕೊಂದಿರಬೇಕು" ಎಂದನು ಸತ್ರಾಜಿತ. ಊರಿನವರು ಅದನ್ನು ಕಿವಿಯಿಂದ ಕಿವಿಗೆ ಪಿಸುಗುಟ್ಟಿದರು. "ಪ್ರಾಯಶಃ" ಎಂಬ ಮಾತು ಕಿವಿ ದಾಟುತ್ತ ದಾಟುತ್ತ "ನಿಶ್ಚಯ"ವಾಗುತ್ತದೆ. ಅಪವಾದದ ಬೆಳವಣಿಗೆಯೇ ಹೀಗೆ.

ನಿರ್ದೋಷನಾದ ಪರಮಾತ್ಮನು ಏನು ಮಾಡಿದನು? ಮರಳಿ ದೂಷಿಸಲಿಲ್ಲ. ನಾಗರಿಕರನ್ನೇ ಜೊತೆಗೆ ಕರೆದುಕೊಂಡು ಕಾಡಿಗೆ ಹೋದನು. ಸಿಂಹದಿಂದ ಹತನಾದ ಪ್ರಸೇನನನ್ನೂ, ಜಾಂಬವಂತನಿಂದ ಹತವಾದ ಸಿಂಹವನ್ನೂ ಎಲ್ಲರೂ ಕಂಡರು. ಸ್ವಾಮಿಯು ಗುಹೆಯನ್ನು ಹೊಕ್ಕು, 28 ದಿನ ಜಾಂಬವಂತನೊಡನೆ ಸೆಣಸಿ ಮಣಿಯನ್ನು ತಂದು, ತುಂಬಿದ ಸಭೆಯಲ್ಲಿ ನಡೆದುದನ್ನು ತಿಳಿಸಿ ಸತ್ರಾಜಿತನಿಗೇ ಒಪ್ಪಿಸಿದನು. ಸತ್ರಾಜಿತನು ನಾಚಿ ತಲೆತಗ್ಗಿಸಿದನು. ಲೋಕಶಿಕ್ಷಣಾರ್ಥವಾದ ಈ ಲೀಲೆಯ ಪಾಠವಿಷ್ಟೆ: ಮಾತಿನಿಂದ ಬಂದ ಅಪವಾದವನ್ನು ಮಾತಿನಿಂದಲ್ಲ, ಕಾರ್ಯದಿಂದ ಕಳೆಯಬೇಕು.

ದಂಡಿನಶಿವರದ ಆಸುಪಾಸಿನಲ್ಲಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬಾಳುವವರಿಗೆ ಇದು ಹೊಸ ಮಾತಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕಾಯಿಯ ಒಳಗೆ ಒಳ್ಳೆಯ ಕೊಬ್ಬರಿಯಾಗಿದೆಯೋ ಕೊಳೆತಿದೆಯೋ ಎಂಬುದು ಸಿಪ್ಪೆ ಸುಲಿದು ಚಿಪ್ಪು ಒಡೆದ ಮೇಲೆಯೇ ನಿಶ್ಚಯ. ಕಾಯಿಯ ವಿಷಯದಲ್ಲಿ ಇಷ್ಟು ತಾಳ್ಮೆಯುಳ್ಳ ನಾವು, ತೋಟದ ಪಾಲಿನ ಮಾತು ಬಂದಾಗ ಒಡಹುಟ್ಟಿದವನ ಮನಸ್ಸನ್ನು ಒಡೆದು ನೋಡದೆಯೇ ಕೊಳೆತಿದೆ ಎಂದುಬಿಡುತ್ತೇವೆ. ಮನೆಗೆ ಬಂದ ಸೊಸೆಯ ವಿಷಯದಲ್ಲಿಯೂ ಹೀಗೆಯೇ. ಒಂದು "ಬಹುಶಃ"ದಿಂದ ಅಣ್ಣತಮ್ಮಂದಿರ ಮನೆಗಳ ನಡುವೆ ಶ್ರಾದ್ಧದ ಊಟಕ್ಕೂ ಕರೆ ನಿಂತುಹೋಗುವುದುಂಟು.

ಹಾಗಾದರೆ ದೋಷವನ್ನು ಹೇಳಲೇಬಾರದೇ? ಹಾಗಲ್ಲ. ಕೊಬ್ಬರಿಯನ್ನು ಆರಿಸುವವನು ಕೆಟ್ಟದ್ದನ್ನು ಬೇರ್ಪಡಿಸಲೇಬೇಕು. ವಿದುರನು ದುರ್ಯೋಧನನ ದೋಷವನ್ನು ಧೃತರಾಷ್ಟ್ರನ ಎದುರಿನಲ್ಲಿಯೇ ಹೇಳಿದನು; ಅದು ನಿಂದೆಯಲ್ಲ, ಹಿತವಚನ. ಅನ್ಯಾಯಕ್ಕೆ ಒಳಗಾದವರು ನ್ಯಾಯ ಕೇಳಿ ದೂರು ಹೇಳುವುದೂ ನಿಂದೆಯಲ್ಲ. ಅಂಥವರ ಬಾಯಿ ಮುಚ್ಚಿಸಲು "ಪರನಿಂದೆ ಪಾಪ" ಎಂಬ ಮಾತನ್ನು ಬಳಸುವವರು ಶಾಸ್ತ್ರಕ್ಕೆ ಅಪಚಾರವೆಸಗುತ್ತಾರೆ. ದೋಷವು ನಿಜವೇ? ಕೇಳುವವರು ಅದನ್ನು ತಿದ್ದಬಲ್ಲವರೇ? ಹೇಳುವ ಉದ್ದೇಶ ಹಿತವೇ? ಈ ಮೂರಕ್ಕೂ ಹೌದೆಂದಾಗ ಮಾತನಾಡುವುದು ಕರ್ತವ್ಯ. ಇಲ್ಲವಾದಲ್ಲಿ ಮೌನವೇ ಲೇಸು.

ಪುರಂದರದಾಸರು ನಿಂದಕನನ್ನು ಕೇರಿಯ ಕೊಳೆ ತೆಗೆಯುವ ಪ್ರಾಣಿಗೆ ಹೋಲಿಸಿರುವುದನ್ನು ಎಲ್ಲರೂ ಬಲ್ಲಿರಿ. ನಿಂದೆಗೊಳಗಾದವನಿಗೆ ಅದು ಸಮಾಧಾನ; ನಿಂದಿಸುವವನಿಗೆ ಅಪ್ಪಣೆಯಲ್ಲ. ಅವನ ಕೊಳೆ ತೊಳೆಯಿತು, ಆದರೆ ಅದು ಸೇರಿದ್ದು ನಮ್ಮ ನಾಲಿಗೆಗೆ. ಕೇಶವಾದಿ ನಾಮಗಳನ್ನು ಉಚ್ಚರಿಸುವ ನಾಲಿಗೆಯೂ ಅದೇ ಅಲ್ಲವೇ? ಈ ಚೌತಿಯಂದು ಕಥೆ ಕೇಳಿ ಅಕ್ಷತೆ ಧರಿಸುವಾಗ, ನಾವು ಯಾರ ಮೇಲೆ ಒಂದು "ಬಹುಶಃ"ವನ್ನು ಹೊರಿಸಿದ್ದೇವೋ ಅವರ ಮನೆಗೆ ಹೋಗಿ ಅದನ್ನು ಇಳಿಸಿ ಬರುವ ಸಂಕಲ್ಪವನ್ನೂ ಮಾಡೋಣ.

ಶ್ರೀಕೃಷ್ಣಾರ್ಪಣಮಸ್ತು.