ಗಾಳವೂ ಕರುಣೆಯೂ

ಕೊಲ್ಲದೆ ಬಿಟ್ಟೆನೆಂಬ ತೃಪ್ತಿಯು ಮನುಷ್ಯನಿಗೆ ಬೇಗನೆ ಬರುವುದು. ಬಿಟ್ಟ ಪ್ರಾಣಿಯು ಬದುಕಿತೆ ಎಂಬ ಪ್ರಶ್ನೆಯು ಅಷ್ಟು ಬೇಗನೆ ಬರುವುದಿಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಣ್ಣ ದೋಣಿಗಳನ್ನೇರಿ ವಿನೋದಕ್ಕಾಗಿ ಮೀನು ಹಿಡಿಯುವ ಗಾಳಗಾರರ ನಡತೆಯಲ್ಲಿ ಈ ಮಾತನ್ನು ಸ್ಪಷ್ಟವಾಗಿ ಕಾಣಬಹುದು.

ಅವರು ಅರಸುವ ಮೀನುಗಳು ಮುಖ್ಯವಾಗಿ ಎರಡು. ಒಂದು ಸ್ಟ್ರೈಪ್ಡ್ ಬಾಸ್. ಬೆಳ್ಳಿಯಂಥ ಮೈಯ ಮೇಲೆ ಏಳೆಂಟು ಕಪ್ಪು ಪಟ್ಟೆಗಳುಳ್ಳದ್ದು, ಕಡಲಿನಲ್ಲಿ ಬೆಳೆದರೂ ವಸಂತದಲ್ಲಿ ನದಿಯ ಸಿಹಿನೀರಿಗೆ ಬಂದು ಮೊಟ್ಟೆಯಿಡುವುದು. ಇನ್ನೊಂದು ಬ್ಲೂಫಿಷ್, ನೀಲಿಹಸಿರು ಬೆನ್ನು, ಕತ್ತರಿಯಂಥ ಹಲ್ಲು. ಮೇಲೆ ಕಡಲಹಕ್ಕಿಗಳು ಕೂಗುತ್ತ ಎರಗುತ್ತಿದ್ದರೆ, ಕೆಳಗೆ ಇವುಗಳ ಹಿಂಡು ಚಿಕ್ಕ ಮೀನುಗಳನ್ನು ಅಟ್ಟಿ ತಿನ್ನುತ್ತಿದೆಯೆಂದು ತಿಳಿಯಬೇಕು. ಬಲ್ಲವನು ಹಿಂಡಿನ ನಡುವೆ ನುಗ್ಗುವುದಿಲ್ಲ. ದೂರದಲ್ಲಿಯೇ ಎಂಜಿನನ್ನು ನಿಲ್ಲಿಸಿ ಅಂಚಿಗೆ ಗಾಳವೆಸೆಯುವನು.

ಬಾಸಿನ ವಿಷಯದಲ್ಲಿ ಆ ಜನರ ಎಚ್ಚರವು ಹಳೆಯದು. ಅದನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಕೂಡದೆಂದು ಮ್ಯಾಸಚೂಸೆಟ್ಸ್ ವಸಾಹತು 1639ರಲ್ಲಿಯೇ ಕಟ್ಟಳೆ ಮಾಡಿತ್ತು. ಆದರೂ 1980ರ ಹೊತ್ತಿಗೆ ಈ ಮೀನು ಬಹಳ ಕ್ಷೀಣಿಸಿತು. 1985ರಿಂದ ಕೆಲವು ವರ್ಷ ಮೇರಿಲ್ಯಾಂಡ್ ಸಂಸ್ಥಾನವು ಹಿಡಿಯುವುದನ್ನೇ ನಿಲ್ಲಿಸಿತು. 1995ರಲ್ಲಿ ಸಂತತಿಯು ಚೇತರಿಸಿತೆಂದು ಸಾರಲಾಯಿತು. 2019ರಲ್ಲಿ ನೋಡಿದರೆ ಮತ್ತೆ ಇಳಿದಿತ್ತು. 2023ರಲ್ಲಿ ಬಂದ ನಿಯಮದಂತೆ ಕಡಲಿನ ಗಾಳಗಾರನು ದಿನಕ್ಕೆ ಒಂದೇ ಮೀನನ್ನು, ಅದೂ 28 ಅಂಗುಲಕ್ಕೆ ಕಡಿಮೆಯಾಗದೆ 31 ಅಂಗುಲವನ್ನು ಮುಟ್ಟದೆ ಇರುವುದನ್ನು, ಮನೆಗೆ ಒಯ್ಯಬಹುದು. ಮಿಕ್ಕವನ್ನೆಲ್ಲ ನೀರಿಗೆ ಬಿಡಬೇಕು. ಎಷ್ಟು ಹಿಡಿದು ಎಷ್ಟು ಬಿಟ್ಟರೂ ಕೇಳುವವರಿಲ್ಲ.

ಧರ್ಮಸೂಕ್ಷ್ಮವು ಇಲ್ಲಿಯೇ ಇರುವುದು. ಒಬ್ಬನು ಮುಂಜಾನೆ ಹೋಗಿ, ತಕ್ಕ ಅಳತೆಯ ಮೀನೊಂದು ಸಿಕ್ಕಿದೊಡನೆ ಅದನ್ನು ಕೊಂದು, ಮನೆಗೆ ತಂದು ಉಣ್ಣುವನೆಂದಿಟ್ಟುಕೊಳ್ಳೋಣ. ಇನ್ನೊಬ್ಬನು ಸಂಜೆಯವರೆಗೆ ಮೂವತ್ತನ್ನು ಹಿಡಿದು ಮೂವತ್ತನ್ನೂ ಬಿಡುವನು. ದಡದ ಮೇಲೆ ಮೊದಲನೆಯವನ ಕೈಯಲ್ಲಿ ರಕ್ತ. ಎರಡನೆಯವನ ಕೈ ಶುಭ್ರ. ಆದರೆ ಗಾಳದಿಂದ ಬಿಟ್ಟ ಬಾಸುಗಳಲ್ಲಿ ನೂರಕ್ಕೆ 9 ಸಾಯುವುವೆಂದು ಅಲ್ಲಿಯ ಮೀನುಗಾರಿಕೆಯ ಲೆಕ್ಕದಲ್ಲಿ ಹಿಡಿದಿದ್ದಾರೆ. ಗಾಳವನ್ನು ಆಳವಾಗಿ ನುಂಗಿದಾಗ, ನೀರು ಬೆಚ್ಚಗಿದ್ದಾಗ, ಇನ್ನೂ ಹೆಚ್ಚು. ಆ ಪ್ರಕಾರ ಶುಭ್ರಹಸ್ತನ ಪಾಲಿಗೆ ಬಂದುದು ಸುಮಾರು ಮೂರು ಸಾವು. 2020ರಲ್ಲಿ ಗಾಳಗಾರರು ಮನೆಗೊಯ್ದ ಬಾಸುಗಳಿಗಿಂತ, ಅವರು ಬಿಟ್ಟ ಮೇಲೆ ಸತ್ತವುಗಳೇ ಹೆಚ್ಚೆಂದು ಅಂದಾಜು.

ಅವನಿಗೆ ಕೊಲ್ಲುವ ಸಂಕಲ್ಪವಿರಲಿಲ್ಲವಲ್ಲ ಎನ್ನಬಹುದು. ಲೆಕ್ಕವನ್ನು ಅರಿಯದವನಿಗೆ ಈ ಸಮಾಧಾನವು ಸಲ್ಲುವುದು. ಅರಿತ ಮೇಲೂ ಮೂವತ್ತೊಂದನೆಯ ಸಲ ಗಾಳವೆಸೆದವನಿಗೆ ಸಲ್ಲದು. ಬದುಕಿದ ಇಪ್ಪತ್ತೇಳು ಪಟ್ಟ ಸಂಕಟವು ಯಾವ ಲೆಕ್ಕದಲ್ಲಿಯೂ ಬರೆದಿಲ್ಲ. ಮೊದಲನೆಯವನು ನಿರ್ದೋಷಿಯೆಂದಲ್ಲ, ಅವನ ಮೇಲೆಯೂ ಒಂದು ಜೀವದ ಋಣವಿದೆ. ಆದರೆ ಆ ಸಾವನ್ನು ಅವನು ಕಣ್ಣಾರೆ ಕಂಡಿರುವನು. ಎರಡನೆಯವನ ಮೀನುಗಳು ಕಾಣದ ನೀರಿನಲ್ಲಿ ಸತ್ತುವು. ಹೀಗೆಂದು ಬಿಡುವವರನ್ನೆಲ್ಲ ಹಳಿಯುವುದೂ ನ್ಯಾಯವಲ್ಲ. ಈ ಮೀನಿನ ರಕ್ಷಣೆಗಾಗಿ ಕೂಗಿದವರಲ್ಲಿ ಅವರೂ ಇದ್ದರು.

ಬ್ಲೂಫಿಷಿನ ವಿಷಯದಲ್ಲಿ ನೆಪವು ಬೇರೆ. ಅದು ತಿನ್ನುವುದಕ್ಕಿಂತ ಹೆಚ್ಚು ಕೊಲ್ಲುವುದೆಂದು ಅಮೆರಿಕದ ಮೊದಲ ಮತ್ಸ್ಯಾಧಿಕಾರಿ ಸ್ಪೆನ್ಸರ್ ಬೇರ್ಡ್ 1870ರ ದಶಕದಲ್ಲಿಯೇ ಬರೆದಿದ್ದನು. ಅಂಥ ಕಟುಕನ ಮೇಲೆ ಕರುಣೆಯೇಕೆಂದು ಕೇಳುವವರುಂಟು. ಮೀನಿಗೆ ಹಸಿವಲ್ಲದೆ ಬೇರೆ ಶಾಸ್ತ್ರವಿಲ್ಲ. ಅದರ ನಡತೆಯನ್ನು ಸಾಕ್ಷಿಗೆ ಕರೆಯುವವನು ತನ್ನನ್ನೂ ಅದರ ಸಾಲಿನಲ್ಲಿಯೇ ನಿಲ್ಲಿಸಿಕೊಂಡಂತಾಯಿತು. ಅದರ ಮಾಂಸವೋ ಬೇಗ ಕೆಡುವುದು; ಹಿಡಿದೊಡನೆ ರಕ್ತ ಬಸಿದು ಮಂಜುಗಡ್ಡೆಯಲ್ಲಿಡಬೇಕು. ಹುರುಪಿನಲ್ಲಿ ಹಿಡಿದು, ಬಿಸಿಲಿಗೆ ಬಿಟ್ಟು, ಕೊನೆಗೆ ಎಸೆಯುವುದಕ್ಕೆ ಹಸಿವಿನ ನೆಪವೂ ಇಲ್ಲ.

ಗಾಳದ ಹಿಮ್ಮುಳ್ಳನ್ನು ಅದುಮಿಬಿಡುವವರೂ, ಮೀನನ್ನು ನೀರಿನಿಂದೆತ್ತದೆಯೇ ಬಿಡಿಸುವವರೂ ಅಲ್ಲಿದ್ದಾರೆ. ಎರೆಯೊಡನೆ ದುಂಡು ಗಾಳವನ್ನೇ ಬಳಸಬೇಕೆಂಬ ನಿಯಮವೂ ಬಂದಿದೆ. ಅದು ಹೊಟ್ಟೆಗಿಳಿಯದೆ ಬಾಯಿಯ ಮೂಲೆಯಲ್ಲಿ ನಾಟುವುದು. ಹಕ್ಕಿಗಳು ಇನ್ನೂ ಎರಗುತ್ತಿರುವಾಗಲೇ ದಾರವನ್ನು ಸುತ್ತಿ ದೋಣಿಯನ್ನು ದಡಕ್ಕೆ ತಿರುಗಿಸುವವರೂ ಇದ್ದಾರೆ. ಅವರು ಹೆಚ್ಚು ಮಂದಿಯಲ್ಲ.