ಫಲವನ್ನು ಬರೆದವರು ಯಾರು?

ಒಂದು ಕರ್ಮಕ್ಕೆ ದುಃಖವು ಫಲವಾಗಿ ಒದಗಿತೆಂದರೆ ಆ ಕರ್ಮವು ಪಾಪವೇ ಆಗಿದ್ದಿರಬೇಕೆಂದು ನಿಶ್ಚಯಿಸಿಬಿಡುವುದು ನಮ್ಮ ಜನದ ಮನಸ್ಸಿಗೆ ಬಹುಕಾಲದಿಂದ ರೂಢಿಯಾಗಿ ಬಂದಿರುವ ತರ್ಕ. ಹೆಣ್ಣೊಬ್ಬಳು ಮತ್ತೊಬ್ಬ ಹೆಣ್ಣನ್ನು ತನ್ನ ಬಾಳಿನ ಸಂಗಾತಿಯೆಂದು ಬಗೆದು ಪ್ರೀತಿಸಿದಳು. "ಲಗ್ನ ಮಾಡಿದ್ರ ಎಲ್ಲಾ ಸರಿ ಆಗ್ತದ" ಎಂದು ಹಿರಿಯರು ಅವಳನ್ನು ಕೋಣೆಯಲ್ಲಿ ಕೂಡಿಹಾಕಿ ಒಲ್ಲದ ವರನಿಗೆ ಧಾರೆಯೆರೆದರು. ಅವಳು ಬಾವಿಯ ಪಾಲಾದಳು. ಇಷ್ಟು ನಡೆದಮೇಲೆ, ಅಂಥ ಬಾಳಿಗೆ ಅಂಥದೇ ಅಂತ್ಯವೆಂದು ನಿಟ್ಟುಸಿರಿಟ್ಟು ಹೇಳುವವರಿಗೆ ಕೊರತೆಯಿರುವುದಿಲ್ಲ. ಆ ಅಂತ್ಯವು ಕರ್ಮನಿಯಮದಿಂದ ಬಂದುದೋ, ಹೊರಗಿನಿಂದ ಕದಕ್ಕೆ ಚಿಲಕವಿಟ್ಟವರ ಕೈಯಿಂದ ಬಂದುದೋ ಎಂಬ ಪ್ರಶ್ನೆಯನ್ನು ಧರ್ಮಜಿಜ್ಞಾಸೆಯಲ್ಲಿ ನಿಜವಾದ ಆಸಕ್ತಿಯುಳ್ಳವರು ಕೇಳದೆ ಬಿಡಲಾಗದು.

ಈ ಪ್ರಶ್ನೆಯನ್ನು ಎತ್ತುವುದಕ್ಕೆ ಚಿತ್ತಾಪುರ ಸೀಮೆಯಲ್ಲಿ ಭೀಮಾನದಿಯ ದಂಡೆಯ ಮೇಲಿರುವ ಸನ್ನತಿಯು ಯೋಗ್ಯವಾದ ಸ್ಥಳ. ಒಲ್ಲದ ಹೆಣ್ಣನ್ನು ಬಲಾತ್ಕಾರದಿಂದ ಕೊಂಡೊಯ್ದ ಸೇತುರಾಜನನ್ನು ದೇವಿಯು ದುಂಬಿಗಳ ರೂಪದಿಂದ ಶಿಕ್ಷಿಸಿದಳೆಂಬುದು ಇಲ್ಲಿಯ ಚಂದ್ರಲಾಂಬೆಯ ಸ್ಥಳಪುರಾಣ. ಪುರಾಣಕ್ಕಿಂತ ಗಟ್ಟಿಯಾದ ಸಾಕ್ಷ್ಯವೂ ಇಲ್ಲಿದೆ. 1986ರಲ್ಲಿ ಅದೇ ದೇವಾಲಯದ ಆವರಣದ ಕಾಳಿಯ ಗುಡಿಯ ಛಾವಣಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಶಿಲೆಯ ಎರಡು ಮುಖಗಳಲ್ಲಿಯೂ ಅಶೋಕನ ಧರ್ಮಲಿಪಿಯಿರುವುದು ಕಂಡುಬಂದಿತು. ಒಂದು ಮುಖದಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳು. ಇನ್ನೊಂದರಲ್ಲಿ, ಮನುಷ್ಯರೆಲ್ಲರೂ ತನಗೆ ಮಕ್ಕಳೆಂದು ಅರಸನು ಸಾರಿದ ಪ್ರತ್ಯೇಕ ಶಾಸನಗಳು. ಹನ್ನೆರಡನೆಯದರ ತಾತ್ಪರ್ಯವು ಸುಪ್ರಸಿದ್ಧವಾದದ್ದು: ಅಕಾರಣವಾಗಿ ಸ್ವಮತವನ್ನು ಹೊಗಳದೆ, ಪರಮತವನ್ನು ಹಳಿಯದೆ ನಾಲಗೆಯನ್ನು ಬಿಗಿಹಿಡಿಯಬೇಕು, ಒಬ್ಬರ ಧರ್ಮವನ್ನು ಒಬ್ಬರು ಕಿವಿಗೊಟ್ಟು ಕೇಳಬೇಕು. ಈ ಕಾರ್ಯಕ್ಕೆ ನಿಯುಕ್ತರಾದವರಲ್ಲಿ ಸ್ತ್ರೀಯರ ಮೇಲ್ವಿಚಾರಣೆಯ ಮಹಾಮಾತ್ರರೂ ಇದ್ದರೆಂದು ಆ ಶಾಸನದ ಪಾಠವೇ ಹೇಳುತ್ತದೆ.

ಅಶೋಕನು ಹೇಳಿದ್ದು ಪಂಥಗಳನ್ನು ಕುರಿತು, ಪ್ರಣಯಿಗಳನ್ನು ಕುರಿತಲ್ಲವೆಂಬ ಆಕ್ಷೇಪವು ಸಾಧುವಾದದ್ದೇ. ಆದರೆ, ತನ್ನ ಬಾಳಿನ ಧರ್ಮವನ್ನು ತಾನೇ ಹೇಳಿಕೊಳ್ಳುವವನ ಮಾತನ್ನು ಕೇಳದೆ ಅದರ ಗುಣದೋಷಗಳನ್ನು ನಿರ್ಣಯಿಸಕೂಡದೆಂಬ ತತ್ತ್ವವು ಪಂಥಗಳಿಗೆ ಸಲ್ಲುವುದಾದರೆ ವ್ಯಕ್ತಿಗಳಿಗೆ ಸಲ್ಲದಿರುವುದಕ್ಕೆ ನನಗೆ ಕಾರಣವೊಂದೂ ಕಾಣದು. ಅಶೋಕನ ತರುವಾಯ ಸಾವಿರ ವರ್ಷಗಳಿಗೂ ಮಿಕ್ಕಿ ಕಳೆದಮೇಲೆ, ಇದೇ ನೆಲದಲ್ಲಿ, ಸೇಡಂ ಸೀಮೆಯ ಮಳಖೇಡವೆಂಬ ಮಾನ್ಯಖೇಟದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಶಕ್ತಿಯನ್ನೇ ನಿಜವಾದ ಹೊನ್ನೆಂದು ಎಣಿಸಿತು. ಧರ್ಮದ ಜೊತೆಗೆ ವಿಚಾರವನ್ನೂ ಅದು ಹೆಸರಿಸಿತೆಂಬುದನ್ನು ಗಮನಿಸಬೇಕು.

ಇನ್ನು ಪರದೇಶದ ಒಂದು ವೃತ್ತಾಂತ. ಅಮೆರಿಕದಲ್ಲಿ 1952ರಲ್ಲಿ ಮಾರಿಜೇನ್ ಮೀಕರ್ ಎಂಬಾಕೆ ವಿನ್ ಪ್ಯಾಕರ್ ಎಂಬ ಅಂಕಿತದಲ್ಲಿ, ಪರಸ್ಪರ ಪ್ರೀತಿಸಿದ ಇಬ್ಬರು ತರುಣಿಯರ ಕಥೆಯನ್ನು 'ಸ್ಪ್ರಿಂಗ್ ಫೈರ್' ಎಂಬ ಕಾದಂಬರಿಯಾಗಿ ಬರೆದಳು. ಕಥೆ ಸುಖಾಂತವಾದರೆ ಅಂಚೆಯ ಇಲಾಖೆಯವರು ಪ್ರತಿಗಳನ್ನು ಮುಟ್ಟುಗೋಲು ಹಾಕಿಯಾರೆಂದು ಹೆದರಿದ ಸಂಪಾದಕನು ದುಃಖಾಂತವನ್ನೇ ಬರೆಯಬೇಕೆಂದು ವಿಧಿಸಿದನು. ಆಕೆ ಹಾಗೆಯೇ ಬರೆದಳು: ಒಬ್ಬಳಿಗೆ ಬುದ್ಧಿಭ್ರಮಣೆಯಾಯಿತು, ಇನ್ನೊಬ್ಬಳು ತಾನು ಅವಳನ್ನು ಎಂದೂ ಪ್ರೀತಿಸಿರಲೇ ಇಲ್ಲವೆಂದು ತಿಳಿದುಕೊಂಡಳು. ಆ ಪುಸ್ತಕದ ಪ್ರತಿಗಳು ಹತ್ತು ಲಕ್ಷಕ್ಕೂ ಮಿಕ್ಕಿ ಖರ್ಚಾದುವು. ಅದನ್ನು ಓದಿದ ಅಸಂಖ್ಯ ಹೆಣ್ಣುಮಕ್ಕಳು, ತಮ್ಮಂಥವರಿಗೆ ಉನ್ಮಾದವೋ ಮರಣವೋ ವಿಧಿಲಿಖಿತವೆಂದು ನಂಬಿದ್ದರೆ ಅದರಲ್ಲಿ ಆಶ್ಚರ್ಯವೇನು? ಅವರು ಕರ್ಮಫಲವೆಂದು ಓದಿದ್ದು ಅಂಚೆಯ ಇಲಾಖೆಯ ಭಯವನ್ನು. ಲೋಕದ ನ್ಯಾಯವು ತನ್ನ ಶಿಕ್ಷೆಯನ್ನು ದೈವದ ಶಿಕ್ಷೆಯೆಂದು ತೋರಿಸಿ ನಂಬಿಸಿದುದಕ್ಕೆ ಇಷ್ಟು ನಿಚ್ಚಳವಾದ ಇನ್ನೊಂದು ದೃಷ್ಟಾಂತವನ್ನು ನಾನು ಕಾಣೆ.

ಈ ಕಟ್ಟನ್ನು ಹರಿದವರಲ್ಲಿ ಅನೀಡಾ ಮಾರ್ಚೆಂಟ್ ಎಂಬಾಕೆಯ ಬಾಳು ನೆನೆಯತಕ್ಕದ್ದು. 1911ರಲ್ಲಿ ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದಲ್ಲಿ ಹುಟ್ಟಿ, ಅಮೆರಿಕದಲ್ಲಿ ಕಾನೂನನ್ನು ವ್ಯಾಸಂಗಮಾಡಿ, ವಿಶ್ವಬ್ಯಾಂಕಿನಲ್ಲಿ ವಕೀಲೆಯಾಗಿ ದುಡಿದ ಈ ಗಂಭೀರಸ್ವಭಾವದ ಸ್ತ್ರೀಯು ಅರವತ್ತು ದಾಟಿದಮೇಲೆ, ತನ್ನ ಸಂಗಾತಿ ಮ್ಯೂರಿಯಲ್ ಕ್ರಾಫರ್ಡಳನ್ನೂ ಬಾರ್ಬರಾ ಗ್ರಿಯರ್ ಮತ್ತು ಡೊನಾ ಮೆಕ್‌ಬ್ರೈಡ್ ಎಂಬ ಇನ್ನಿಬ್ಬರನ್ನೂ ಕೂಡಿಕೊಂಡು 'ನಾಯಡ್ ಪ್ರೆಸ್' ಎಂಬ ಪ್ರಕಾಶನವನ್ನು ಸ್ಥಾಪಿಸಿದಳು. ಅದರ ಮೊದಲನೆಯ ಪುಸ್ತಕವು 1974ರಲ್ಲಿ ಸಾರಾ ಆಲ್ಡ್ರಿಜ್ ಎಂಬ ಅಂಕಿತದಲ್ಲಿ ಹೊರಬಂದ ಆಕೆಯದೇ ಕಾದಂಬರಿ, 'ದಿ ಲೇಟ್‌ಕಮರ್'. ಅದರಲ್ಲಿ ಇಬ್ಬರು ಸ್ತ್ರೀಯರು ಭೇಟಿಯಾಗುತ್ತಾರೆ, ಪ್ರೀತಿಸುತ್ತಾರೆ, ಬದುಕುತ್ತಾರೆ. ಅಂತ್ಯವನ್ನು ವಿಧಿಸುವ ಸಂಪಾದಕನೊಬ್ಬನು ನಡುವೆ ಇಲ್ಲದೆಹೋದುದರಿಂದ ಫಲವನ್ನು ತಾನು ಕಂಡಂತೆಯೇ ಬರೆಯುವುದು ಆಕೆಗೆ ಸಾಧ್ಯವಾಯಿತು. ಆಕೆ ಕಂಡದ್ದಾದರೂ ತನ್ನ ಮನೆಯಲ್ಲಿಯೇ ಅರ್ಧಶತಮಾನಕ್ಕೂ ಮೀರಿ ನಡೆದ ದಾಂಪತ್ಯಸದೃಶವಾದ ಸಹಜೀವನವನ್ನು. ಆ ಪ್ರಕಾಶನದಿಂದ ಹೊರಬಂದಮೇಲೆ ಮುಪ್ಪಿನಲ್ಲಿ ಆ ಇಬ್ಬರೂ ಮತ್ತೊಂದು ಪ್ರಕಾಶನವನ್ನು ಕಟ್ಟಿದರು. 2006ರಲ್ಲಿ, ತೊಂಬತ್ತೈದು ತುಂಬುವುದಕ್ಕೆ ಕೆಲವೇ ದಿನಗಳಿರುವಾಗ, ಅನೀಡಾ ತೀರಿಕೊಂಡಳು. ಆಕೆಯ ಕಾದಂಬರಿಗಳ ಕಲಾಗುಣವನ್ನು ವಿಮರ್ಶಕರು ಬೇಕಾದಂತೆ ತೂಗಲಿ. ಸತ್ಯಸಾಕ್ಷಿಯಾಗಿ ಅವುಗಳ ಬೆಲೆ ದೊಡ್ಡದು.

ಕರ್ಮಸಿದ್ಧಾಂತವು ಈ ವಿಷಯದಲ್ಲಿ ಏನು ಹೇಳೀತು? ಸನ್ನತಿಯ ಮಗ್ಗುಲಲ್ಲಿರುವ ಕನಗನಹಳ್ಳಿಯ ಮಹಾಸ್ತೂಪಕ್ಕೆ ದಾನವಿತ್ತವರ ಹೆಸರುಗಳು ಅಲ್ಲಿಯ ಕಲ್ಲುಗಳ ಮೇಲೆ ಕೊರೆಯಲ್ಪಟ್ಟಿವೆ; ಅವರಲ್ಲಿ ಗೃಹಿಣಿಯರೂ ಇದ್ದಾರೆ, ಭಿಕ್ಷುಣಿಯರೂ ಇದ್ದಾರೆ. ಅವರು ಶರಣುಹೋದ ಬುದ್ಧನ ಮತದಲ್ಲಿ ಚೇತನೆಯೇ, ಎಂದರೆ ಸಂಕಲ್ಪವೇ, ಕರ್ಮ. ಲೋಭ, ದ್ವೇಷ, ಮೋಹಗಳಿಂದ ಹುಟ್ಟಿದ ಸಂಕಲ್ಪವು ಅಕುಶಲವಾದದ್ದು. ಅವುಗಳಿಲ್ಲದೆ ಹುಟ್ಟಿದ್ದು ಕುಶಲ. ಬ್ರಹ್ಮಚರ್ಯವನ್ನು ಕೈಕೊಂಡ ಭಿಕ್ಷುಣಿಗೆ ಸಂಗವೆಲ್ಲವೂ ನಿಷಿದ್ಧವೆಂಬುದು ನಿಜ. ಅದು ವ್ರತದ ಮಾತು. ಗೃಹಸ್ಥಜೀವನದಲ್ಲಿ ಒಬ್ಬಳು ಮತ್ತೊಬ್ಬಳ ಜ್ವರಕ್ಕೆ ನಿದ್ದೆಗೆಟ್ಟು ಕುಳಿತರೆ, ದುಡಿದದ್ದನ್ನು ಹಂಚಿಕೊಂಡು ಉಂಡರೆ, ಯಾರಿಗೂ ದ್ರೋಹವೆಸಗದೆ ಒಲಿದು ಬಾಳಿದರೆ, ಆ ಸಂಕಲ್ಪದಲ್ಲಿ ಅಕುಶಲವಾದದ್ದು ಯಾವುದೆಂಬುದನ್ನು ಖಂಡಿಸುವವರು ಬೆರಳಿಟ್ಟು ತೋರಿಸಬೇಕು. ಬಾವಿಯ ಪಾಲಾದವಳನ್ನು ಕೋಣೆಯಲ್ಲಿ ಕೂಡಿಹಾಕಿದವರ ಸಂಕಲ್ಪವನ್ನು ಇದೇ ಅಳತೆಗೋಲಿನಿಂದ ಅಳೆದರೆ ಪಾಪದ ಭಾರವು ಯಾರ ಪಾಲಿಗೆ ಬರುವುದೆಂಬುದು ತಾನಾಗಿಯೇ ತಿಳಿಯುತ್ತದೆ.

ಸ್ಮೃತಿಗಳ ಕಡೆಯಿಂದ ಬರುವ ವಾದವು ಇದಕ್ಕಿಂತ ಕಠಿನವಾದದ್ದು. ಅದನ್ನು ಮರೆಮಾಚುವುದು ಅಪ್ರಾಮಾಣಿಕತೆಯಾದೀತು. ಕನ್ಯೆಯನ್ನು ಕೆಡಿಸಿದ ಕನ್ಯೆಗೆ ಮನುಸ್ಮೃತಿಯು ದಂಡವನ್ನೂ ಏಟುಗಳನ್ನೂ ವಿಧಿಸುತ್ತದೆ. ಅಲ್ಲಿಯ ಚಿಂತೆ ಕನ್ಯಾತ್ವದ್ದು, ಇಬ್ಬರ ಪ್ರೀತಿಯನ್ನು ಅದು ವಿಚಾರಿಸುವುದೇ ಇಲ್ಲ. ಯಾಜ್ಞವಲ್ಕ್ಯನಾದರೋ ಧರ್ಮದ ಮೂಲಗಳನ್ನು ಎಣಿಸುವಾಗ ಶ್ರುತಿ, ಸ್ಮೃತಿ, ಸದಾಚಾರಗಳ ಸಾಲಿನಲ್ಲಿಯೇ ತನ್ನ ಆತ್ಮಕ್ಕೆ ಪ್ರಿಯವಾದದ್ದನ್ನೂ ಸಮ್ಯಕ್ಸಂಕಲ್ಪದಿಂದ ಹುಟ್ಟಿದ ಕಾಮವನ್ನೂ ಸೇರಿಸಿದನು. ಶಹಾಬಾದಿಗೆ ಹತ್ತಿರದ ಮರತೂರಿನವನೆಂದು ಈ ನಾಡು ಅಭಿಮಾನದಿಂದ ಹೇಳಿಕೊಳ್ಳುವ ವಿಜ್ಞಾನೇಶ್ವರನು 'ಮಿತಾಕ್ಷರಾ' ವ್ಯಾಖ್ಯಾನದಲ್ಲಿ ಈ ಬಾಗಿಲನ್ನು ಕಿರಿದುಮಾಡಿದನು: ಆತ್ಮಪ್ರಿಯವೆಂಬುದು ವಿಕಲ್ಪಗಳಿರುವಲ್ಲಿ ಮಾತ್ರ, ಆ ಕಾಮವು ಶಾಸ್ತ್ರಕ್ಕೆ ವಿರುದ್ಧವಾಗಿರತಕ್ಕದ್ದಲ್ಲ. ಆ ಮಹಾಪಂಡಿತನಲ್ಲಿ ನನಗಿರುವ ಗೌರವಕ್ಕೆ ಕುಂದಿಲ್ಲ. ಆದರೂ, ಅವನು ಮಾಡಿದಂತೆ, ಊಟದ ಹೊರತು ನೀರು ಕುಡಿಯೆನೆಂಬಂಥ ನಿಯಮವನ್ನು ಉದಾಹರಣೆಯಾಗಿ ಕೊಟ್ಟು ಮುಗಿಸಬಹುದಾದಷ್ಟು ಸಣ್ಣ ಮಾತನ್ನು ಯಾಜ್ಞವಲ್ಕ್ಯನು ವೇದದ ಪಂಕ್ತಿಯಲ್ಲಿ ಕೂರಿಸಿದನೆಂದು ನಂಬಲು ಮನಸ್ಸು ಒಪ್ಪುವುದಿಲ್ಲ.

ಅಶೋಕನ ವಾಕ್ಸಂಯಮವನ್ನೇ ಹಿಡಿದು, ಅಂಥ ಕಥೆಗಳನ್ನು ಬರೆಯದಿರುವುದೇ ಧರ್ಮವೆಂದು ವಾದಿಸುವವರೂ ಉಂಟು. ಶಾಸನವು ತಡೆದದ್ದು ಆತ್ಮಸ್ತುತಿಯನ್ನು ಮತ್ತು ಪರನಿಂದೆಯನ್ನು. ಎಲ್ಲರೂ ನಾಲಗೆಯನ್ನು ಕಟ್ಟಿ ಕುಳಿತರೆ ಪರಸ್ಪರ ಕೇಳಬೇಕೆಂದು ಅದು ವಿಧಿಸಿದ ಶ್ರವಣಕ್ಕೆ ವಿಷಯವಾದರೂ ಎಲ್ಲಿಂದ ಬಂದೀತು? 1942ರಲ್ಲಿ 'ಲಿಹಾಫ್' ಎಂಬ ಅಂಥದೇ ಒಂದು ಕಥೆಯನ್ನು ಪ್ರಕಟಿಸಿದ ಉರ್ದು ಲೇಖಕಿ ಇಸ್ಮತ್ ಚುಗ್ತಾಯಿಯವರು ಅಶ್ಲೀಲತೆಯ ಆರೋಪವನ್ನು ಹೊತ್ತು ಲಾಹೋರಿನ ನ್ಯಾಯಾಲಯದಲ್ಲಿ ನಿಂತಾಗ ಕ್ಷಮೆ ಬೇಡಲಿಲ್ಲ, ದೋಷಮುಕ್ತರಾಗಿ ಹಿಂದಿರುಗಿದರು.

ಕನ್ನಡದಲ್ಲಿ ಅನೀಡಾ ಕೈಕೊಂಡ ಬಗೆಯ ಸ್ವತಂತ್ರ ಸಾಹಸಕ್ಕೆ ಹತ್ತಿರದ ಹೆಸರು ವಸುಧೇಂದ್ರರದು. 1969ರಲ್ಲಿ ಸಂಡೂರಿನಲ್ಲಿ ಹುಟ್ಟಿದ ಅವರು ತಮ್ಮದೇ ಆದ ಛಂದ ಪುಸ್ತಕ ಪ್ರಕಾಶನವನ್ನು ಕಟ್ಟಿ, 2013ರಲ್ಲಿ 'ಮೋಹನಸ್ವಾಮಿ'ಯನ್ನು ಹೊರತಂದರು. ಅಲ್ಲಿಯ ನಾಯಕನು ಗಂಡಸನ್ನು ಪ್ರೀತಿಸುವ ಗಂಡಸು. ಅವಮಾನಗಳನ್ನೆಲ್ಲ ಉಂಡೂ ಅವನು ಬಾವಿಯ ದಾರಿಯನ್ನು ಹಿಡಿಯದೆ ಕಿಲಿಮಂಜಾರೋ ಪರ್ವತದ ದಾರಿಯನ್ನು ಹಿಡಿಯುತ್ತಾನೆ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದುಹಾಕಿತು. 2023ರ ಅಕ್ಟೋಬರಿನಲ್ಲಿ ವಿವಾಹದ ಹಕ್ಕನ್ನು ಕೊಡಲು ಒಪ್ಪಲಿಲ್ಲ. ಕಾನೂನು ಬಿಟ್ಟುಕೊಟ್ಟ ಮೇಲೂ ಮನೆಯ ಹಿರಿಯರು ಬಿಟ್ಟುಕೊಡದಿರುವುದು ಹಳ್ಳಿಗಳಲ್ಲಿ ಇಂದಿಗೂ ಉಂಟು.

ಆದುದರಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಓದುಗರಲ್ಲಿ ನನ್ನದೊಂದು ಬಿನ್ನಹ. ಹೆಣ್ಣನ್ನು ಪ್ರೀತಿಸಿದ ಹೆಣ್ಣೊಬ್ಬಳು ಈ ಸೀಮೆಯ ಮಾತಿನಲ್ಲಿ ತನ್ನ ಕಥೆಯನ್ನು ಬರೆದು, ತಾನೇ ಅಚ್ಚುಹಾಕಿಸಿ ನಿಮ್ಮೂರಿಗೆ ತಂದರೆ, ಅವಳ ಕುಲಗೋತ್ರಗಳನ್ನು ವಿಚಾರಿಸುವುದಕ್ಕೆ ಮೊದಲು ಪುಸ್ತಕವನ್ನು ಕೊಳ್ಳಿರಿ, ಊರಿನ ಗ್ರಂಥಾಲಯದಲ್ಲಿ ಎಲ್ಲರ ಕೈಗೂ ಎಟಕುವಂತೆ ಇಡಿಸಿರಿ, ಅಂತ್ಯದವರೆಗೆ ಓದಿರಿ. ಅಂತ್ಯವನ್ನು ಮಾತ್ರ ಅವಳೇ ಬರೆಯಲು ಬಿಡಿರಿ.